ಎರಡನೆಯ ಮೊಟ್ಟೆ

ದಾಸವಾಳದ ಗಿಡದಲ್ಲಿ ಪಿಕಳಾರ ಹಕ್ಕಿ ಮೊಟ್ಟೆಯಿಟ್ಟು ಹನ್ನೊಂದು ದಿನವಾಗಿತ್ತು. ಮೊಮ್ಮಗಳು ಸಿಡುಕುತ್ತಾ ಗೂಡಿಗೆ ಕೈ ಹಾಕಿದಳು.

“ಇನ್ನೆಷ್ಟು ದಿನ ಕಾಯೋದು ಅಜ್ಜಿ? ಒಂದನ್ನ ಒಡೆದು ನೋಡ್ತೀನಿ.”

ಅಜ್ಜಿ ಆ ಕೈಗೆ ಪಟ್ಟನೆ ಹೊಡೆದಳು.

“ಎಷ್ಟು ಸಲ ಹೇಳ್ಬೇಕೇ ನಿಂಗೆ? ಗರುಡನ ತಾಯಿ ವಿನತೆ ಹೀಗೇ ಅವಸರಪಟ್ಟು ಮೊದಲನೇ ಮೊಟ್ಟೆ ಒಡೆದ್ಲು. ಒಳಗಿದ್ದ ಅರುಣನಿಗೆ ಇನ್ನೂ ಕಾಲೇ ಮೂಡಿರ್ಲಿಲ್ಲ. ಮುಟ್ಟದೆ ಬಿಟ್ಟ ಎರಡನೇದ್ರಿಂದ ಗರುಡ ಬಂದ. ಯಾವಾಗ ಬರ್ಬೇಕು ಅಂತ ಒಳಗಿರೋದಕ್ಕೆ ಗೊತ್ತಿರುತ್ತೆ.”

ಅಷ್ಟರಲ್ಲಿ, ಎಂಟು ತಿಂಗಳು ತುಂಬಿದ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದ ಮಗನ ಫೋನು ಬಂತು.

“ಡಾಕ್ಟ್ರು ಕಾಯಿರಿ ಅಂದ್ರೆ ಕಾಯ್ತಾ ಕೂರ್ತೀಯೇನೋ?” ಅಜ್ಜಿ ರೇಗಿದಳು. “ಅವ್ರು ಹೇಳೋ ದಿನ ಮೂಲಾ ನಕ್ಷತ್ರ. ಹದಿನೈದು ದಿನ ಮುಂಚೆ, ರೋಹಿಣೀಲೇ ಸಿಸೇರಿಯನ್ ಮಾಡಿಸಿಬಿಡು.”