ಕೆಂಪಮ್ಮಜ್ಜಿಯ ನೂರು ಕೋಣೆ

ಆ ಬೀದೀಲಿ ಪ್ರತಿ ಮನೆಗೂ ಹಕ್ಕುಪತ್ರದಲ್ಲಿ ನೂರು ಕೋಣೆ. ಆದ್ರೆ ಸಾಮಾನು ತಂದಿಟ್ರೆ ಮಾತ್ರ ಕೋಣೆ ಹುಟ್ಟೋದು, ಅದೂ ಬೀದಿಗೆಲ್ಲ ಸೇರಿದ ಒಂದೇ ನೆಲದಿಂದ. ಕೆಂಪಮ್ಮಜ್ಜಿಗೆ ಹುಟ್ಟಿದ್ದು ಎರಡೇ. ಒಂದ್ರಲ್ಲಿ ಅವಳು, ಇನ್ನೊಂದ್ರಲ್ಲಿ ಸತ್ತ ಗಂಡನ ಮಗ್ಗ. ಆದ್ರೂ, "ನಮ್ಮನೆ ಕೊನೇ ಕೋಣೆಗೆ ಹೋಗ್ಬೇಕಂದ್ರೆ ಬುತ್ತಿ ಕಟ್ಕೋಬೇಕು ಕಣ್ರೇ" ಅಂತ ಬೀದಿಗೆಲ್ಲ ಸಾರೋಳು.

ಅವತ್ತು ಪಕ್ಕದ್ಮನೆ ಜವರಯ್ಯ ಓಡ್ಬಂದ. "ಅಜ್ಜೀ, ಮಧ್ಯಾಹ್ನಕ್ಕೆ ಮಗಳು ಹಸುಗೂಸು ಎತ್ಕೊಂಡು ಬಾಣಂತನಕ್ಕೆ ಬರ್ತಾವ್ಳೆ. ತೊಟ್ಟಿಲು ತಂದಿಟ್ರೂ ಕೋಣೆ ಹುಟ್ತಿಲ್ಲ. ಬೀದಿ ನೆಲ ಮುಗ್ದೋಯ್ತಂತೆ!"

"ನಿನ್ ಹೊಟ್ಟೇನೇ ಮೂರು ಕೋಣೆ ನೆಲ ತಿಂದೈತೆ, ಮುಗೀದೆ ಏನಾಗ್ತದೆ?" ಅಂತಂದು ಅಜ್ಜಿ ಒಂದು ಗಳಿಗೆ ಮಗ್ಗ ಸವರಿದ್ಲು. "ಬಿಚ್ಚು ಇದನ್ನ. ನನ್ ಕೋಣೆ ಅಟ್ಟಕ್ಕೆ ಹಾಕು. ಇದು ಖಾಲಿಯಾದ್ರೆ ಇದರ ನೆಲ ಬೀದಿಗೆ ವಾಪಸ್ಸಾಗ್ತದೆ."

ಜವರಯ್ಯ ಬಿಚ್ಚಿ ಹಾಕಿ, ಮನೆಗೋಗಿ ನೋಡಿ, ಮುಖ ಬಾಡಿಸ್ಕೊಂಡು ಬಂದ. "ಇನ್ನೂ ಗೋಡೇನೇ ಅಜ್ಜೀ."

"ಗುಡಿಸ್ದೆ ಹೋದ್ಯಲ್ಲೋ ಪೆದ್ದ! ಒಂದು ಎಳೆ ಬಿದ್ದಿದ್ರೂ ಕೋಣೆ ಇನ್ನೂ ಈ ಮನೇದೇ ಅಂತ ನೆಲ ಅಂದ್ಕೊಳ್ತದೆ."

ಅವಳೇ ಪೊರಕೆ ಹಿಡಿದ್ಲು. ಮೂಲೇಲಿ ಒಂದು ಕೆಂಪು ನೂಲೆಳೆ ಸಿಕ್ತು. ಅದನ್ನ ಬೆರಳಿಗೆ ಸುತ್ಕೊಂಡು ಹೊಸ್ತಿಲು ದಾಟಿದ್ಲು. ಹಿಂದೆ ಬಾಗಿಲು ಹೋಗಿ ಗೋಡೆ ಆಯ್ತು. ಪಕ್ಕದ್ಮನೇಲಿ, "ಹುಟ್ತು, ಹುಟ್ತು!" ಅಂತ ಕೂಗು.

ಮಧ್ಯಾಹ್ನ ಬಾಣಂತಿ ಕಣ್ಣೊರೆಸ್ಕೊಂಡ್ಲು. "ನಿಮಗಿನ್ನು ಒಂದೇ ಕೋಣೆ ಆಯ್ತಲ್ಲಜ್ಜಿ."

"ಯಾವಳೇ ಹೇಳಿದ್ದು?" ಅಜ್ಜಿ ಎದೆ ಸೆಟೆಸಿ, ಕೆಂಪು ಎಳೆನ ತೊಟ್ಟಿಲಿಗೆ ಕಟ್ಟಿದ್ಲು. "ಪತ್ರ ನೋಡ್ಕೋ ಹೋಗು, ಇನ್ನೂ ನೂರೇ ಐತೆ. ಇವನ ಮದ್ವೆ ದಿಬ್ಬಣ ನಮ್ಮನೇಲೇ ಇಳೀಲಿ!"