ಸೇವೆ ಪಡೆದವರ ಹೇಳಿಕೆ

"ಪಾಠ ಅಂದ್ರೆ ಯಾರಿಗಮ್ಮ? ಈ ಮನೇಲಿ ಒಂದು ಮಗುವಿನ ಚಪ್ಪಲಿ ಕೂಡ ಕಾಣಿಸ್ತಿಲ್ಲವಲ್ಲ."

ವಿಶ್ವವಿದ್ಯಾಲಯದ ಆಫೀಸಿನ ಸೂಪರಿಂಟೆಂಡೆಂಟರು ಹೊಸ್ತಿಲು ದಾಟುವ ಮೊದಲೇ ಕೇಳಿದರು. ಬಾಗಿಲು ತೆರೆದ ಹೆಂಗಸು ಒಳಗೆ ಕುಳಿತಿದ್ದ ಗಂಡನ ಕಡೆ ನೋಡಿದಳು. ಸಿಕ್ಕಿಬಿದ್ದರು ಅಂದುಕೊಂಡರು ಅವರು. ಮೂರು ಮಹಡಿ ಹತ್ತಿ ನೊಂದಿದ್ದ ಮಂಡಿ ಆ ಕ್ಷಣಕ್ಕೆ ಹಗುರಾಯಿತು.

ವಿಶ್ವವಿದ್ಯಾಲಯ ಪದಕಕ್ಕೆಂದು ವರ್ಷಕ್ಕೊಬ್ಬ ವಿದ್ಯಾರ್ಥಿಯನ್ನು ಆರಿಸುತ್ತಿತ್ತು. ಓದು, ನಾಯಕತ್ವ, ಸೇವೆ ಮೂರರಲ್ಲೂ ಎಲ್ಲರಿಗಿಂತ ಮುಂದಿರಬೇಕು. ಈ ಸಲ ಪಟ್ಟಿಯ ತುದಿಯಲ್ಲಿ ಕೂತಿದ್ದವಳು ಒಬ್ಬ ಹುಡುಗಿ. ಓದಿನಲ್ಲಿ ಅವಳನ್ನು ಅಲ್ಲಾಡಿಸುವ ಹಾಗಿರಲಿಲ್ಲ. ನಾಯಕತ್ವದ ರುಚಿಯನ್ನಂತೂ ಸೂಪರಿಂಟೆಂಡೆಂಟರೇ ಉಂಡಿದ್ದರು. ಹಾಸ್ಟೆಲಿಗೆ ನೀರು ಬರಲಿಲ್ಲವೆಂದು ಮುಷ್ಕರ ಹೂಡಿ, ಅವರನ್ನು ಅವರದೇ ಕೋಣೆಯಲ್ಲಿ ಆರು ಗಂಟೆ ಕೂಡಿಹಾಕಿದ ಮಹಾತಾಯಿ ಇವಳೇ. ಉಳಿದದ್ದು ಸೇವೆ. ಆ ಕಾಲಮಿನಲ್ಲಿ ಅವಳು ಬರೆದದ್ದು ಒಂದೇ ಸಾಲು: ಮನೆಗೆ ಹೋಗಿ ಪಾಠ, ದಿನಕ್ಕೊಂದು ಗಂಟೆ, ಹದಿನಾಲ್ಕು ತಿಂಗಳು. ಕೆಳಗೆ ಈ ವಿಳಾಸ.

ಹೋದ ವರ್ಷ ಒಬ್ಬ ಭೂಪ ಬಾಗಿಲು ಮುಚ್ಚಿ ಎಷ್ಟೋ ಕಾಲವಾಗಿದ್ದ ಅನಾಥಾಶ್ರಮದಲ್ಲಿ ಆರುನೂರು ಗಂಟೆ ದುಡಿದೆನೆಂದು ಬರೆದು ಪದಕ ಹೊಡೆದುಕೊಂಡಿದ್ದ. ಕುಲಸಚಿವರು ಇಡೀ ಆಫೀಸಿನೆದುರು ಸೂಪರಿಂಟೆಂಡೆಂಟರಿಗೆ ಮಂಗಳಾರತಿ ಎತ್ತಿದ್ದರು. ಆ ಅವಮಾನದಲ್ಲಿ ಹುಟ್ಟಿದ್ದೇ ಹೊಸ ನಿಯಮ. ಸೇವೆ ಪಡೆದವರು ತಾವೇ ಬಾಯಿಬಿಟ್ಟು ಒಂದು ಪೂರ್ತಿ ವಾಕ್ಯ ಹೇಳಬೇಕು. ಅದನ್ನು ಹಳದಿ ಹಾಳೆಯಲ್ಲಿ ಹಾಗೇ ಇಳಿಸಿಕೊಳ್ಳಬೇಕು. ಮನೆಯವರ ಮಾತು ನಡೆಯದು, ತಲೆಯಾಡಿಸಿದರೂ ನಡೆಯದು. ನಿಯಮ ಬರೆದವರು ಸೂಪರಿಂಟೆಂಡೆಂಟರೇ, ಆದ್ದರಿಂದ ಅದರ ಮೇಲೆ ಹೆತ್ತ ಮಮತೆ.

"ಪಾಠ ಇವರಿಗೇ ಸಾರ್," ಅಂದಳು ಹೆಂಗಸು, ಗಂಡನನ್ನು ತೋರಿಸಿ.

ಸೂಪರಿಂಟೆಂಡೆಂಟರಿಗೆ ನಗು ತಡೆಯಲಾಗಲಿಲ್ಲ. ಆಸಾಮಿಯ ಗುರುತು ಸಿಕ್ಕಿತ್ತು. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಆ ಗಂಟಲನ್ನು ಅವರು ಹಿಂದೆ ಎಷ್ಟೋ ಸಲ ರಸ್ತೆಯಾಚೆಯಿಂದ ಕೇಳಿ ಕಿವಿ ಮುಚ್ಚಿಕೊಂಡಿದ್ದರು. ವಯಸ್ಸು ಐವತ್ತೈದಕ್ಕೆ ಕಡಿಮೆಯಿಲ್ಲ.

"ಏನು ಯಜಮಾನರೇ, ಈಗ ಶಾಲೆಗೆ ಸೇರಿದ್ರಾ?"

ಅವನು ಉತ್ತರಿಸಲಿಲ್ಲ. ಎದ್ದೂ ನಿಲ್ಲಲಿಲ್ಲ. ಬಲಗೈಯನ್ನು ಟವಲಿನೊಳಗೆ ಇಟ್ಟುಕೊಂಡು ಜಮೀನ್ದಾರನ ಹಾಗೆ ನೋಡುತ್ತ ಕೂತ. ಎದುರಿನ ಮೇಜಿನ ಮೇಲೊಂದು ಕನ್ನಡಿ, ಪಕ್ಕದಲ್ಲಿ ಮಕ್ಕಳ ಅಕ್ಷರಮಾಲೆ. ಈ ವಯಸ್ಸಿನಲ್ಲಿ ಅಲಂಕಾರ ಬೇರೆ. ಅಕ್ಷರಮಾಲೆಯಂತೂ ತಮ್ಮ ಕಣ್ಣಿಗೆ ಮಣ್ಣೆರಚಲು ತಂದಿಟ್ಟ ನಾಟಕದ ಸಾಮಾನು. ಸೂಪರಿಂಟೆಂಡೆಂಟರ ಪಿತ್ತ ನೆತ್ತಿಗೇರಿತು.

"ಸಾರ್, ಅವರಿಗೆ ಏನಾಗಿದೆ ಅಂದ್ರೆ..."

"ನೀವು ಸುಮ್ನಿರಿ ಅಮ್ಮ. ನಿಮ್ಮ ಮಾತು ನನಗೆ ಬೇಕಾಗಿಲ್ಲ. ನಿಯಮ."

ಗಂಡನೂ ಕಣ್ಣು ಕೆಂಪಗೆ ಮಾಡಿ ಅವಳನ್ನು ಗದರಿಸುವಂತೆ ನೋಡಿದ. ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಆ ಹುಡುಗಿ ಇವರಿಗೆ ಏನು ಹೇಳಿಕೊಟ್ಟಿದ್ದಾಳೋ, ಇಬ್ಬರಿಗೂ ಸರಿಯಾಗಿ ಪಾಠ ಒಪ್ಪಿಸಲು ಬರುತ್ತಿಲ್ಲ ಅನ್ನಿಸಿತು ಸೂಪರಿಂಟೆಂಡೆಂಟರಿಗೆ.

ಸೂಪರಿಂಟೆಂಡೆಂಟರು ಹಾಳೆ ಬಿಡಿಸಿದರು. "ನೋಡಿ ಯಜಮಾನರೇ, ಐದು ಗಂಟೆಗೆ ಪಟ್ಟಿ ಕುಲಸಚಿವರ ಮೇಜಿಗೆ ಹೋಗಬೇಕು. ನಿಮ್ಮ ವಾಕ್ಯ ಇದರಲ್ಲಿ ಇಲ್ಲದಿದ್ರೆ ಅವಳ ಹೆಸರು ಹೊಡೆದುಹಾಕ್ತೀನಿ. ಇದ್ರೆ ಪದಕ ಅವಳದೇ. ಬರೀ ಪದಕ ಅಲ್ಲ, ಮುಂದಿನ ವಾರಾನೇ ಹೊರದೇಶಕ್ಕೆ ಹೊರಡ್ತಾಳೆ. ಪೂರ್ತಿ ಒಂದು ವರ್ಷ ಅಲ್ಲೇ ಓದು. ಈಗ ಹೇಳಿ, ಆ ಹುಡುಗಿ ಇಲ್ಲಿಗೆ ಬರ್ತಾಳಾ?"

ಹರಾಜಿನವನ ಮುಖ ಬಿಳಿಚಿತು. ಎಡಗೈಯಿಂದ ಮೇಜನ್ನು ಗುದ್ದಿದ, ಕನ್ನಡಿ ಅಲುಗಾಡಿತು. ಹೆಂಡತಿ ಹತ್ತಿರ ಬಂದು ಭುಜ ಹಿಡಿದಳು. "ಹೂಂ ಅನ್ನಿ, ಸಾಕು," ಎಂದು ಪಿಸುಗುಟ್ಟಿದಳು.

"ಹೂಂ ಸಾಕಾಗಲ್ಲ," ಅಂದರು ಸೂಪರಿಂಟೆಂಡೆಂಟರು. "ಪೂರ್ತಿ ವಾಕ್ಯ."

ಅವನು ಬಾಯಿ ತೆರೆದ, ಮುಚ್ಚಿದ. ಹಣೆಯಲ್ಲಿ ಬೆವರು ಮೂಡಿತು. ಸುಳ್ಳು ಹೇಳುವವರ ಬೆವರು ಹೇಗಿರುತ್ತದೆಂದು ಇವರಿಗೆ ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಗೊತ್ತಿತ್ತು. ಕೊನೆಗೆ ಅವನು ಒಂದೊಂದು ಪದಕ್ಕೂ ಬೆಲೆ ಕೂಗಿಸುವವನ ಹಾಗೆ ನಿಲ್ಲಿಸಿ ನಿಲ್ಲಿಸಿ ಹೇಳಿದ.

"ಅವಳು... ಇಲ್ಲಿಗೆ... ಯಾವತ್ತೂ... ಬಂದಿಲ್ಲ."

ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಗುಟ್ಟು ರಟ್ಟಾದಾಗ ಕೆಲವರು ಹೀಗೇ ಆಡುತ್ತಾರೆ. ಸೂಪರಿಂಟೆಂಡೆಂಟರು ನಾಲ್ಕೂ ಪದಗಳನ್ನು ಗುಂಡಗೆ ಬರೆದು, ಕೆಳಗೆ ಸಹಿ ಜಡಿದರು. ಆ ಆರು ಗಂಟೆಗಳ ಉರಿ ಎದೆಯಿಂದ ಇಳಿದುಹೋಯಿತು. ಪಾಪ ಅನ್ನಿಸಲಿಲ್ಲ, ಅನ್ನಿಸಬೇಕಾದ ಕಾರಣವೂ ಕಾಣಲಿಲ್ಲ.

ಮೆಟ್ಟಿಲ ತಿರುವಿನಲ್ಲಿ ಹೆಂಗಸು ಓಡಿಬಂದು ಅಡ್ಡ ನಿಂತಳು.

"ಆ ಹಾಳೆ ಕೊಡಬೇಡಿ ಸಾರ್. ಅವಳು ಒಂದು ವರ್ಷ ಹೋಗ್ತಾಳೆ ಅಂತ ನೀವು ಅಂದ್ರಲ್ಲ, ಹೆದರಿ ಹಾಗಂದ್ರು."

"ಹೆದರಿ ಆಡಿದ್ದೋ ಹೆದರದೆ ಆಡಿದ್ದೋ, ಅವರ ಬಾಯಿಂದಲೇ ಬಂತಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇನಮ್ಮ?"

"ನಾನೂ ಅದನ್ನೇ ಹೇಳ್ತಿರೋದು ಸಾರ್," ಅಂದಳು ಅವಳು. "ಲಕ್ವ ಹೊಡೆದು ಮಾತು ನಿಂತು ಒಂದೂವರೆ ವರ್ಷ ಆಯ್ತು, ಅವರು ಪೂರ್ತಿಯಾಗಿ ಆಡಿದ ಮೊದಲನೇ ವಾಕ್ಯ ಅದು."