ಗೌಸುಸಾಬರ ಅಳತೆ

ಹಳೆಯ ಬೈಕುಗಳ ವ್ಯಾಪಾರಿಗಳು ಇಂದಿಗೂ ದನಿ ತಗ್ಗಿಸಿ ಹೇಳುವ ಸಂಗತಿಯಿದು. ಹೊಸದಾಗಿ ಕಲಿಯುವವರು ಸೀಟಿನ ಮೇಲೆ ಕುಳಿತಾಗ ಎರಡೂ ಪಾದ ನೆಲಕ್ಕೆ ತಾಗದಿದ್ದರೆ, ಹಳೆಯ ಬೈಕು ಮಾರುತ್ತಿದ್ದ ಗೌಸುಸಾಬರು ಗಾಡಿ ಕೊಡುತ್ತಿರಲಿಲ್ಲ. ಹಿಂದೊಮ್ಮೆ ಮಗಳಿಗೆಂದು ಕೇಳಿಕೊಂಡು ಬಂದ ತಂದೆಯೊಬ್ಬನಿಗೆ, ಹುಡುಗಿಯ ಎತ್ತರ ವಿಚಾರಿಸದೆ ದೊಡ್ಡ ಬೈಕೊಂದನ್ನು ಮಾರಿದ್ದರು. ಮೂರನೆಯ ದಿನವೇ ತಿರುವಿನಲ್ಲಿ ಕಾಲೂರಲಾಗದೆ ಅವಳು ಲಾರಿಯ ಅಡಿಗೆ ಬಿದ್ದು ತೀರಿಕೊಂಡಳು. ಅವಳ ಮುಖವನ್ನು ಅವರು ಕಂಡಿರಲಿಲ್ಲ. ಆದರೂ ಅಂದಿನಿಂದ ಅವರಿಗೆ ನೆಟ್ಟಗೆ ನಿದ್ದೆ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಬೈಕುಗಳ ಸಾಲಿನ ಆಚೆ ತರುಣಿಯೊಬ್ಬಳು ಬಂದು ನಿಂತಿದ್ದಳು.

"ಕಾಕಾ, ಗಾಡಿ ಕಲೀಬೇಕಾಗೇತಿ. ಅಪ್ಪನ್ನ ಕಳಸೂದು ಬ್ಯಾಡಂತ ಈ ಸಲ ನಾನ ಬಂದೀನಿ."

"ಚಲೋ ಮಾಡಿದಿ ಬೇಟಿ. ಬಣ್ಣ, ಸ್ಪೀಡು ಎಲ್ಲಾ ಆಮ್ಯಾಲ. ಮೊದಲ ಹತ್ತಿ ಕೂಡು."

ಅವಳು ಕುಳಿತಳು. ಪಾದಗಳು ನೆಲದಿಂದ ಒಂದು ಬೆರಳಿನಷ್ಟು ಮೇಲೇ ಉಳಿದವು. ಗೌಸುಸಾಬರು ಇನ್ನೂ ತಗ್ಗಿನದನ್ನು ತಂದರು. ಮತ್ತೆ ಅದೇ ಒಂದು ಬೆರಳು.

"ನನ್ನ ಹಣೇಬರದಾಗ ಸೈಕಲ್ಲ ಬರದೇತೇನ್ರಿ ಕಾಕಾ?" ಎಂದು ಅವಳು ನಕ್ಕಳು.

"ಸೈಕಲ್ ಆದ್ರೂ ಅಷ್ಟ, ಪಾದ ನೆಲಕ್ಕ ಹತ್ತಬೇಕವ್ವಾ."

ಕಡೆಗೆ ತಮ್ಮ ಪುಟ್ಟ ಮೊಮ್ಮಗಳ ಕಾಲೂ ನೆಲಕ್ಕೆ ಎಟುಕುವ ಮೊಪೆಡ್ಡನ್ನೇ ತಂದು ನಿಲ್ಲಿಸಿದರು. ಕುಕ್ಕರುಗಾಲಿನಲ್ಲಿ ಕುಳಿತು, ತಲೆ ಬಗ್ಗಿಸಿ ನೋಡಿದರು. ಒಂದು ಬೆರಳು.

"ಇದೂ ಒಗ್ಗಂಗಿಲ್ಲ. ಇಳಿ ಬೇಟಿ," ಎಂದರು, ಕುಳಿತಲ್ಲಿಂದ ಏಳದೆ.

ಅವಳು ಇಳಿದು ಅವರ ಮುಂದೆಯೇ ನಿಂತಳು. ಅವಳ ಪಾದಕ್ಕೂ ನೆಲಕ್ಕೂ ನಡುವೆ ಆಗಲೂ ಅದೇ ಒಂದು ಬೆರಳಿನ ಅಂತರವಿತ್ತು.